ಗುಳ್ಳೆ ಏಳದ ಜಾಗ

ಕುದಿಯುವ ಕಾಸ್ಟಿಕ್ ಸೋಡಾ ತೊಟ್ಟಿಯಿಂದ ಚಿಕ್ಕಪ್ಪ ಹಳೆಯ ರೇಡಿಯೇಟರನ್ನು ಕೊಕ್ಕೆ ಹಾಕಿ ಎತ್ತಿದಾಗ ಕಪ್ಪು ಬಣ್ಣ ಹಾವಿನ ಪೊರೆಯ ಹಾಗೆ ಜಾರಿ ಬಿತ್ತು. ಅದರ ಕೆಳಗೆ ಹಸಿರು, ಹಸಿರಿನ ಕೆಳಗೆ ಮತ್ತೆ ಕಪ್ಪು. ಅದೂ ಹೋದ ಮೇಲೆ ತಾಮ್ರ, ಆಗಷ್ಟೇ ನಿದ್ದೆಯಿಂದ ಎದ್ದ ಕೂಸಿನ ಕೆನ್ನೆಯಂತೆ. ಹಬೆಯೊಳಗೆ ನಿಂತಿದ್ದ ಅಣ್ಣನ ಮಗಳಿಗೆ ಅಂಗಡಿಯ ಗೋಡೆ, ಬಾಗಿಲು, ಚಿಕ್ಕಪ್ಪನ ಮುಖ ಎಲ್ಲವೂ ಎಲ್ಲೋ ದೂರದಲ್ಲಿ ತೇಲುತ್ತಿರುವಂತೆ ಕಂಡವು.

ಅವಳು ಈ ಅಂಗಡಿಯ ಮೆಟ್ಟಿಲು ಹತ್ತಿದ್ದೇ ಇವತ್ತು. ಅಪ್ಪ ತೀರಿಕೊಂಡ ಮೇಲೆ ಅವನು ಬ್ರೆಡ್ಡು ಸಾಗಿಸುತ್ತಿದ್ದ ವ್ಯಾನು ಅವಳ ಕೈಗೆ ಬಂದಿತ್ತು. ಏರು ಸಿಕ್ಕಿದರೆ ಸಾಕು, ಎಂಜಿನ್ ಕಾದು ಕುಕ್ಕರಿನಂತೆ ಕೂಗುತ್ತಿತ್ತು. ನಾಳೆ ಬೆಳಗ್ಗೆಯೂ ದಾರಿಯಲ್ಲಿ ನಿಂತರೆ ಬೇರೆ ವ್ಯಾನು ನೋಡಿಕೊಳ್ಳುತ್ತೇನೆ ಎಂದು ಬೇಕರಿಯವನು ಹೇಳಿಬಿಟ್ಟಿದ್ದ. ವ್ಯಾನಿನದು ತಾಮ್ರದ ರೇಡಿಯೇಟರು, ಅಂಥದ್ದನ್ನು ಈಗ ರಿಪೇರಿಗೆ ಮುಟ್ಟುವವನು ಚಿಕ್ಕಪ್ಪ ಒಬ್ಬನೇ. ಅಮ್ಮನಿಗೆ ಹೇಳದೆ ಬಂದಿದ್ದಳು.

ಅಣ್ಣ ತಮ್ಮ ಒಂದು ಕಾಲಕ್ಕೆ ಇಲ್ಲೇ ಜೊತೆಯಲ್ಲಿ ಕೆಲಸ ಮಾಡಿದವರು. ಒಂದು ದಿನ ಅಣ್ಣ ಹಾಕಿದ ಬೆಸುಗೆಯನ್ನು ಗಿರಾಕಿಗಳೆದುರಿಗೇ ಎತ್ತಿ ತೋರಿಸಿ ತಮ್ಮ, "ಇದೇನು ಬೆಸುಗೆಯೋ ಕಾಗೆ ಹಿಕ್ಕೆಯೋ? ನಿನ್ನ ಕೈಗೆ ಸ್ಟೀರಿಂಗೇ ಸರಿ, ಹೋಗು" ಅಂದಿದ್ದ. ಅಣ್ಣ ಏನೋ ಹೇಳಲು ಬಾಯಿ ತೆರೆದ. ತಮ್ಮ ಹೇಳಗೊಡಲಿಲ್ಲ. ಕೈ ಒರೆಸಿಕೊಂಡು ಇಳಿದು ಹೋದವನು ಸಾಯುವ ತನಕ ಈ ಕಡೆ ತಲೆ ಹಾಕಲಿಲ್ಲ.

ಚಿಕ್ಕಪ್ಪ ರೇಡಿಯೇಟರನ್ನು ಬೆಂಚಿನ ಮೇಲೆ ಮಲಗಿಸಿದ. ಗಡಸು ನೀರು ಕೊಳವೆಗಳೊಳಗೆ ವರ್ಷಗಟ್ಟಲೆ ಕಟ್ಟಿದ್ದ ಬಿಳಿ ಹಕ್ಕಳೆಗೆ ಆಸಿಡ್ ಕುಡಿಸಿ, ಉಕ್ಕಿನ ಪಟ್ಟಿ ಆಡಿಸಿ ಹೊರಗೆಳೆದ. ಮೊಟ್ಟೆಯ ಚಿಪ್ಪಿನಂತೆ ಉದುರಿತು. ಆಮೇಲೆ ಬಾಯಿಗಳಿಗೆ ಬಿರಡೆ ಜಡಿದು, ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿದ. ಮುತ್ತಿನ ಸರ ಹರಿದ ಹಾಗೆ ಎಲ್ಲೆಲ್ಲಿಂದಲೋ ಗುಳ್ಳೆಗಳೆದ್ದವು. ಮೊದಲು ಇಷ್ಟು ಸೋರುತ್ತಿರಲಿಲ್ಲವಲ್ಲ ಎಂದು ಅವಳು ಕಂಗಾಲಾದಳು.

"ತೂತಿಗೆಲ್ಲ ಆ ಹಕ್ಕಳೆನೇ ಮುಚ್ಚಳ ಆಗಿತ್ತಮ್ಮ. ಕಿತ್ತ ಮೇಲೆ ತಾನೆ ನಿಜ ಗೊತ್ತಾಗೋದು."

ಒಂದೊಂದು ಗುಳ್ಳೆಯ ಬುಡಕ್ಕೂ ಮೊಳೆಯಿಂದ ಗುರುತು ಗೀರುತ್ತ ಬಂದವನ ಕೈ ಮೇಲಿನ ಮೂಲೆಯಲ್ಲಿ ನಿಂತಿತು. ಬಣ್ಣ ಇಷ್ಟು ದಿನ ಬಚ್ಚಿಟ್ಟಿದ್ದ ಒಂದು ಬೆಸುಗೆ. ಗಂಟುಗಂಟು, ಒಂದು ಕಡೆ ದಪ್ಪ, ಇನ್ನೊಂದು ಕಡೆ ಹರಡಿಕೊಂಡಿತ್ತು. ಯಾರ ಕೈಯದೆಂದು ಅವನಿಗೆ ಯಾರೂ ಹೇಳಬೇಕಿರಲಿಲ್ಲ. ಅಲ್ಲಿಂದ ಮಾತ್ರ ಒಂದು ಗುಳ್ಳೆಯೂ ಏಳಲಿಲ್ಲ.

"ಅಪ್ಪ ಹಿತ್ತಲಲ್ಲಿ ಕೂತು ತಾನೇ ಹಾಕಿದ್ದು" ಎಂದಳು ಅವಳು ಮೆಲ್ಲಗೆ. "ಬೇರೆ ಅಂಗಡಿಗೆ ಕೊಡಿ ಅಂತ ಅಮ್ಮ ಬೈದಳು. ತಮ್ಮ ಇರೋವಾಗ ಇನ್ನೊಬ್ಬನ ಕೈಗೆ ಕೊಡಲ್ಲ ಅಂದ."

ಹಳೆಯ ಗಂಟು ಬೆಸುಗೆ ಕಂಡರೆ ಕರಗಿಸಿ ತೆಗೆದು ಹೊಸದು ಹಾಕುವುದು ಚಿಕ್ಕಪ್ಪನ ಕಟ್ಟುಪಾಡು. ಉರಿ ಹಚ್ಚಿದ. ತೂತುಗಳನ್ನು ಒಂದೊಂದಾಗಿ ಮುಚ್ಚುತ್ತ ಆ ಮೂಲೆಗೆ ಬಂದಾಗ ಬಟ್ಟೆಯೊಂದನ್ನು ತಣ್ಣೀರಲ್ಲಿ ಅದ್ದಿ, ಹಿಂಡಿ, ಜ್ವರದ ಹಣೆಗೆ ಹಾಕುವಂತೆ ಅಣ್ಣನ ಬೆಸುಗೆಯ ಮೇಲೆ ಹೊದಿಸಿದ. ಅದಕ್ಕೆ ಕಾವು ತಗುಲದಂತೆ ಪಕ್ಕದ್ದನ್ನು ಮಾತ್ರ ಮುಚ್ಚಿದ.

ಸಂಜೆ ಬಿಸಿಲು ಬಾಗಿಲಿಗೆ ಬಂದಿತ್ತು. ಕೆಲಸ ಮುಗಿದಾಗಲೆಲ್ಲ ರೇಡಿಯೇಟರಿಗೆ ಮೇಲಿಂದ ನೀರು ಹೊಯ್ದು, ಪದ್ಯ ಕೇಳಲು ಕೂತವನಂತೆ ಕಣ್ಣು ಮುಚ್ಚಿ ಕಿವಿ ಹಚ್ಚುವುದು ಅವನ ಅಭ್ಯಾಸ. ನೀರು ಒಂದೇ ದನಿಯಲ್ಲಿ ಇಳಿದರೆ ಕೆಲಸ ಸರಿಯಾಯಿತೆಂದು ಲೆಕ್ಕ. ಇವತ್ತೂ ಇಳಿಯಿತು. ಆದರೆ ಆ ಮೂಲೆಯಲ್ಲಿ, ಒಳಕ್ಕೆ ಚಾಚಿದ ಅಣ್ಣನ ಬೆಸುಗೆಯ ಗಂಟಿಗೆ ತಾಗಿ, ತಡವರಿಸುವ ಸಣ್ಣದೊಂದು ದನಿ ಬೇರೆಯಾಗಿ ಕೇಳುತ್ತಿತ್ತು.

"ಸರಿಹೋಯ್ತಾ ಚಿಕ್ಕಪ್ಪ? ಹೊತ್ತಾಯ್ತು, ತಗೊಂಡು ಹೋಗ್ಲಾ?" ಎಂದಳು.

ಅವನು ಕಣ್ಣು ತೆರೆಯದೆ ಕೈ ಎತ್ತಿ ತಡೆದ.

"ತಾಳು ಮಗಳೇ. ಅವನು ಹೇಳಿ ಮುಗಿಸಲಿ."