ಬಾಗಿಲು ತೆಗೆದವಳು

ಗಂಡನ ಅಂಗಿಗೆ ಗುಂಡಿ ಹೊಲಿಯುತ್ತಿದ್ದವಳ ಎದುರೇ ಅವನ ಮತ್ತು ಅವನ ತಂಗಿಯ ಜಗಳ ಕಾವೇರಿತ್ತು. ಈ ಸಲದ ಅತ್ಯುತ್ತಮ ಚಿತ್ರ ಪ್ರಶಸ್ತಿ ಯಾವುದಕ್ಕೆ ಬರಬೇಕು ಎನ್ನುವುದೇ ವಿಷಯ. ನಾದಿನಿಗೆ ಗಣಿ ಕಾರ್ಮಿಕರ ಚಿತ್ರ ಗೆಲ್ಲಬೇಕು. ಗಂಡನಿಗೆ, ಮನೆ ಬಿಟ್ಟು ಹೋದವನೊಬ್ಬ ಹೆಂಡತಿಯ ಬಳಿಗೆ ಮರಳುವ ಚಿತ್ರ.

“ಆ ಕೊನೇ ದೃಶ್ಯಕ್ಕೇ ಪ್ರಶಸ್ತಿ ಕೊಡಬೇಕು ಕಣೇ,” ಎಂದ ಗಂಡ. “ಬಾಗಿಲು ತೆಗೀತಾಳೆ, ತಟ್ಟೆ ಇಡ್ತಾಳೆ. ಒಂದು ಮಾತಿಲ್ಲ. ಎಷ್ಟು ಚೆನ್ನಾಗಿ ಕ್ಷಮಿಸಿಬಿಟ್ಳು!”

“ಕ್ಷಮಿಸಿದ್ಲು ಅಂತ ನಿನಗ್ಯಾರು ಹೇಳಿದ್ರು ಅಣ್ಣಾ? ಅವಳು ಬಾಯೇ ಬಿಡಲಿಲ್ವಲ್ಲ!”

“ತೀರ್ಪುಗಾರರಿಗೆ ನಿನ್ನಷ್ಟು ಅನುಮಾನ ಇರಲ್ಲ ಬಿಡು. ಬಾಗಿಲು ತೆಗೆದ ಮೇಲೆ ಮುಗೀತು.”

ಸೂಜಿ ಬಟ್ಟೆಯಲ್ಲೇ ನಿಂತಿತು. ಹೋದ ವರ್ಷ ಇನ್ನೊಬ್ಬಳ ಮನೆಯಿಂದ ಗಂಡ ಪೆಟ್ಟಿಗೆ ಹಿಡಿದು ಮರಳಿದಾಗ ಅವಳೂ ಹೀಗೇ ಬಾಗಿಲು ತೆಗೆದಿದ್ದಳು, ಊಟ ಬಡಿಸಿದ್ದಳು. ಅವನಾಗಿ ಏನಾದರೂ ಹೇಳಲಿ ಎಂದು ಅಂದಿನಿಂದ ಕಾದಿದ್ದಳು. ನಾಚಿಕೆಯಿಂದ ಸುಮ್ಮನಿದ್ದಾನೆ ಎಂದುಕೊಂಡಿದ್ದಳು. ಅವನ ಪಾಲಿಗೆ ಅದು ಆ ಹೊಸ್ತಿಲಲ್ಲೇ ಮುಗಿದುಹೋಗಿತ್ತು.

“ಅತ್ತಿಗೆ, ನೀವೇ ಹೇಳಿ. ಯಾವುದಕ್ಕೆ ಬರಬೇಕು?”

“ನಿಮ್ಮಣ್ಣ ಹೇಳಿದ್ದಕ್ಕೇ ಬರಲಿ ಬಿಡು,” ಎಂದಳು. ಗಂಡ ಗೆದ್ದವನಂತೆ ನಕ್ಕ.

ನಾದಿನಿ ಹೊರಟ ಮೇಲೆ ಅವನನ್ನು ಎದುರಿಗೆ ಕೂರಿಸಿಕೊಂಡು, ತಾನಿನ್ನೂ ಕ್ಷಮಿಸಿಲ್ಲ ಎಂದು ಹೇಳಿಬಿಡಬೇಕೆಂದು ಅವಳು ಆಗಲೇ ನಿರ್ಧರಿಸಿಯಾಗಿತ್ತು.