ಕೈಗೆಟುಕುವ ಪ್ರತಿಮೆ

ಇಟಲಿಯ ಆ ಸಣ್ಣ ಊರಿನಲ್ಲಿ ಶಿಲ್ಪಿ ನೇವಿಯೋ ಮೊದಲು ಸುಟ್ಟ ಮಣ್ಣಿನ ಬೊಂಬೆಗಳನ್ನಷ್ಟೇ ಮಾಡುತ್ತಿದ್ದ. ಒಮ್ಮೆ ಕಂಚಿನ ಕೆಲಸ ಕೊಡಿ ಎಂದು ಕೇಳಿದ್ದಕ್ಕೆ ಮೇಯರ್, "ಮಡಕೆ ಮಾಡೋನಿಗೆ ಕಂಚು ಬೇರೆ ಕೇಡು!" ಎಂದು ತುಂಬಿದ ಚೌಕದಲ್ಲೇ ಅವನ ಎಡಗೆನ್ನೆಗೆ ಬಾರಿಸಿದ್ದ.

ಮುಂದೆ ನೇವಿಯೋ ಕಂಚಿನಲ್ಲೇ ದೇಶವೆಲ್ಲ ಬಲ್ಲ ಹೆಸರು ಮಾಡಿದ. ಮುದುಕನಾದ ಮೇಯರ್ ತನ್ನದೊಂದು ಪ್ರತಿಮೆ ಬೇಕೆಂದು ಅವನ ಬಾಗಿಲಿಗೇ ಬಂದ.

"ಹಳೇದು ಮನಸ್ಸಲ್ಲಿಟ್ಕೊಂಡು ನನ್ನ ಮೂತಿ ಸೊಟ್ಟ ಮಾಡ್ಬೇಡಪ್ಪ."

"ಛೆ, ಎಲ್ಲಾದ್ರೂ ಉಂಟೇ! ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗಲ್ಲ ಸ್ವಾಮಿ. ಪೀಠ ಮಾತ್ರ ತಗ್ಗಾಗಿರ್ಲಿ. ನೀವು ಜನರ ಕೈಗೆಟುಕೋ ಹಾಗಿರಬೇಕು."

"ದೊಡ್ಡ ಮನಸ್ಸು ನಿಂದು," ಎಂದು ಮೇಯರ್ ಕಣ್ಣೊರೆಸಿಕೊಂಡ.

ಪ್ರತಿಮೆ ಜೀವ ಬಂದಂತಿತ್ತು. ಮೇಯರ್ ದಿನಾ ಚೌಕಕ್ಕೆ ಹೋಗಿ ತನ್ನನ್ನು ತಾನೇ ನೋಡಿಕೊಂಡು ಹಿಗ್ಗುತ್ತಿದ್ದ. ಆದರೆ ವರ್ಷ ಕಳೆಯುವಷ್ಟರಲ್ಲಿ ಕಂಚೆಲ್ಲ ಕಪ್ಪಿಟ್ಟು, ಎಡಗೆನ್ನೆಯೊಂದು ಮಾತ್ರ ಚಿನ್ನದಂತೆ ಫಳಫಳ ಹೊಳೆಯತೊಡಗಿತು. ಕಾರಂಜಿಯ ಬಳಿ ಹೂ ಮಾರುತ್ತಿದ್ದ ಮುದುಕಿಯನ್ನು ಕರೆದು, "ಇದೇನಮ್ಮ, ಯಾರು ಉಜ್ತಾರೆ ಇದನ್ನ?" ಎಂದು ಕೇಳಿದ.

"ಅಯ್ಯೋ, ಉಜ್ಜೋದಲ್ಲ ಸ್ವಾಮಿ! ಆ ಕೆನ್ನೆಗೊಂದು ಬಾರಿಸಿ ಬೇಡ್ಕೊಂಡ್ರೆ ಮಂಡಿ ನೋವು ಹೋಗುತ್ತೆ ಅಂತ ನೇವಿಯೋನೇ ಹೇಳಿದ್ದು, ಊರಿಗೆ ಊರೇ ಬಾರಿಸ್ತಿದೆ."