ಇಪ್ಪತ್ತೆರಡು ಬುತ್ತಿ

ಮೊದಲೇ ಕ್ಷಮೆ ಕೇಳುತ್ತೇನೆ... ಪುಸ್ತಕ, ವಿಮರ್ಶೆ ಅಂತ ಮಾತಾಡುವಷ್ಟು ತಿಳಿದವರ ಬಾಯಲ್ಲಿ ಬರಬೇಕಾದ ಕಥೆ ಇದು. ಹೇಳುವುದರಲ್ಲಿ ಹೆಚ್ಚುಕಮ್ಮಿಯಾದರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ.

ಧಾರವಾಡದಲ್ಲಿ ಅಂಬುಜಾ ಅಂತ ಒಬ್ಬರಿದ್ದಾರೆ. ಮನೆಯಲ್ಲೇ ಕುಳಿತು ಮೂರು ವೆಬ್‌ಸೈಟ್‌ಗಳಿಗೆ ಪುಸ್ತಕ ವಿಮರ್ಶೆ ಬರೆಯುತ್ತಾರೆ.

ಮೂರಕ್ಕೂ ಮೂರು ಥರದ ನಿಯಮ...

ಒಂದರಲ್ಲಿ ಬರೀ ಒಳ್ಳೆಯದನ್ನೇ ಬರೆಯಬೇಕು. ಇನ್ನೊಂದರಲ್ಲಿ ನೂರೈವತ್ತು ಪದ ದಾಟಬಾರದು, 'ನಾನು' ಎಂಬ ಮಾತು ಎಲ್ಲೂ ಬರಬಾರದು.

ಮೂರನೆಯದರಲ್ಲಿ ಕಡ್ಡಾಯವಾಗಿ ಎರಡು ದೋಷ ತೋರಿಸಬೇಕು. ಇಲ್ಲದಿದ್ದರೆ ಬರಹ ವಾಪಸ್.

ಅಂಬುಜಾ ಈ ನಿಯಮಗಳನ್ನು ಮೂರು ಹಾಳೆಯಲ್ಲಿ ಬರೆದು ಕಪಾಟಿನ ಬಾಗಿಲ ಒಳಗೆ ಅಂಟಿಸಿದ್ದರು. ಓದುವುದು ಒಂದೇ ಸಲ... ಬರೆಯುವುದು ಮೂರು ಥರ.

ಅವರ ಬರಹದಲ್ಲಿ ತಿದ್ದುವುದಕ್ಕೇ ಏನೂ ಇರುವುದಿಲ್ಲ ಎಂದು ಸಂಪಾದಕರು ಹೇಳುತ್ತಿದ್ದರು. ಅದು ಅವರ ಹೆಮ್ಮೆಯೂ ಆಗಿತ್ತು.

ಒಮ್ಮೆ ಗದಗಿನಿಂದ ಒಂದು ಪುಸ್ತಕ ಬಂತು. ಬರೆದವರು ಗುರುಶಾಂತಪ್ಪ, ನಿವೃತ್ತ ಲೈನ್‌ಮನ್. ಮೂವತ್ತು ವರ್ಷ ಕರೆಂಟ್ ಕಂಬ ಹತ್ತಿ ಇಳಿದ ನೆನಪುಗಳು, ಇಪ್ಪತ್ತೆರಡು ಅಧ್ಯಾಯ.

ಪ್ರತಿ ಅಧ್ಯಾಯದ ಕೊನೆಗೆ ಆ ದಿನ ಹೆಂಡತಿ ಕಟ್ಟಿಕೊಟ್ಟ ಬುತ್ತಿಯ ಬಗ್ಗೆ ಒಂದು ಸಾಲು.

'ಇಂದಿನ ಬುತ್ತಿ: ಎರಡು ರೊಟ್ಟಿ, ಪುಂಡಿಪಲ್ಯ, ಒಂದು ಉಳ್ಳಾಗಡ್ಡಿ.'

'ಇಂದಿನ ಬುತ್ತಿ: ಬದನೆಕಾಯಿ. ಉಪ್ಪು ಹೆಚ್ಚು. ಬೆಳಿಗ್ಗೆ ಜಗಳ ಆಗಿತ್ತು.'

ಅಂಬುಜಾ ಒಬ್ಬರೇ ಕುಳಿತು ನಕ್ಕರು.

ಹದಿನೇಳನೇ ಅಧ್ಯಾಯದಲ್ಲಿ ಜೊತೆಗಾರನೊಬ್ಬ ಕಂಬದಿಂದ ಬಿದ್ದು ತೀರಿಕೊಳ್ಳುತ್ತಾನೆ. ಅದರ ಕೊನೆಯ ಸಾಲು... 'ಇಂದು ಬುತ್ತಿ ಬಿಚ್ಚಲಿಲ್ಲ.'

ಅಂಬುಜಾ ಆ ಸಾಲನ್ನು ಮತ್ತೊಮ್ಮೆ ಓದಿ ಪುಸ್ತಕ ಮುಚ್ಚಿದರು.

ಮೊದಲ ಎರಡು ವಿಮರ್ಶೆ ಸಲೀಸಾಗಿ ಮುಗಿದವು. ಮೂರನೆಯದಕ್ಕೆ ದೋಷ ಬೇಕಲ್ಲ...

ಅಚ್ಚಿನ ತಪ್ಪುಗಳು ಬಹಳ ಇದ್ದವು, ಅದು ನಿಜ. ಅದೊಂದನ್ನೇ ಬರೆದು ಕಳಿಸಿದರು. ಹತ್ತೇ ನಿಮಿಷದಲ್ಲಿ ವಾಪಸ್ ಬಂತು. 'ಮೇಡಂ, ಇನ್ನೊಂದು ದೋಷ ಬೇಕು.'

ಎಷ್ಟು ಹುಡುಕಿದರೂ ಸಿಗಲಿಲ್ಲ. ಕೊನೆಗೆ ಹೀಗೆ ಬರೆದರು... 'ಪ್ರತಿ ಅಧ್ಯಾಯದ ಕೊನೆಗೆ ಬರುವ ಊಟದ ವಿವರ ಅನಗತ್ಯ. ಅದನ್ನು ಕೈಬಿಟ್ಟರೆ ಪುಸ್ತಕ ಇನ್ನಷ್ಟು ಬಿಗಿಯಾಗುತ್ತದೆ.'

ವಿಮರ್ಶೆ ಕೂಡಲೇ ಪ್ರಕಟವಾಯಿತು. ಅಂಬುಜಾ ಅದನ್ನು ಮರೆತೂ ಬಿಟ್ಟರು.

ಒಂದು ವರ್ಷದ ಮೇಲೆ ಗುರುಶಾಂತಪ್ಪ ಫೋನ್ ಮಾಡಿದರು. ಎರಡನೇ ಮುದ್ರಣ ಬಂದಿದೆ, ಗ್ರಂಥಾಲಯದ ಹಾಲ್‌ನಲ್ಲಿ ಸಣ್ಣ ಕಾರ್ಯಕ್ರಮ, ನೀವು ಬರಲೇಬೇಕು ಎಂದರು. ಅಂಬುಜಾ ಗದಗಿಗೆ ಹೋದರು.

ಗುರುಶಾಂತಪ್ಪ ಎರಡೂ ಕೈಯಲ್ಲಿ ಪುಸ್ತಕ ಹಿಡಿದು ಕೊಟ್ಟರು.

"ನೀವು ಹೇಳಿದಾಂಗ ತಿದ್ದೀನ್ರಿ ಮೇಡಮ್ಮಾರ. ಉಳಿದವರೆಲ್ಲ ಬರೇ ಛಲೋ ಐತಿ ಅಂದ್ರು. ಖರೇ ಹೇಳಿದಾಕಿ ನೀವೊಬ್ಬಾಕೇರಿ."

ಅಂಬುಜಾ ಪುಟ ತಿರುವಿದರು. ಅಚ್ಚಿನ ತಪ್ಪು ಒಂದೂ ಇರಲಿಲ್ಲ...

ಬುತ್ತಿಯೂ ಇರಲಿಲ್ಲ. ಒಂದೂ ಇರಲಿಲ್ಲ.

ಗಾಬರಿಯಿಂದ ಹದಿನೇಳನೇ ಅಧ್ಯಾಯ ತೆಗೆದರು. ಅದು ಈಗ ಆಂಬುಲೆನ್ಸ್ ತಡವಾಗಿ ಬಂತು ಎಂಬಲ್ಲಿಗೆ ಮುಗಿದಿತ್ತು.

ಅಷ್ಟರಲ್ಲಿ ಗುರುಶಾಂತಪ್ಪನವರ ಹೆಂಡತಿ ಶಂಕ್ರವ್ವ ಚಹಾ ತಂದುಕೊಟ್ಟು ಪಕ್ಕದಲ್ಲಿ ಕುಳಿತರು. ಅವರಿಗೆ ಓದಲು ಬರುವುದಿಲ್ಲ. ಮೊದಲ ಸಲ ಪುಸ್ತಕ ಬಂದಾಗ ಗಂಡ ದಿನಕ್ಕೊಂದರಂತೆ ಆ ಬುತ್ತಿಯ ಸಾಲುಗಳನ್ನು ಓದಿ ಹೇಳಿದ್ದರಂತೆ. ಈ ಸಲ ಏನೂ ಓದಲಿಲ್ಲವಲ್ಲ ಎಂದು ಕೇಳಿದಾಗ, ಧಾರವಾಡದ ಮೇಡಂ ಅದು ಬೇಡ ಅಂದರು ಎಂದಿದ್ದರಂತೆ.

ಶಂಕ್ರವ್ವ ದನಿ ತಗ್ಗಿಸಿ ಕೇಳಿದರು.

"ಒಂದ್ ಮಾತ್ ಕೇಳ್ತೀನ್ರಿ ಅಕ್ಕಾರ, ಸಿಟ್ಟಾಗಬ್ಯಾಡ್ರಿ... ನನ್ನ ಬುತ್ತಿ ಛಲೋ ಇರಲಿಲ್ಲೇನ್ರಿ?"

ಅಂಬುಜಾ ಚಹಾದ ಲೋಟ ಕೆಳಗಿಟ್ಟರು...

ಆಮೇಲೆ ಏನನ್ನೂ ಮುಚ್ಚಿಡದೆ ಹೇಳಿಬಿಟ್ಟರು. ಪುಸ್ತಕದಲ್ಲಿ ತನಗೆ ಎಲ್ಲಕ್ಕಿಂತ ಇಷ್ಟವಾದದ್ದೇ ಆ ಸಾಲುಗಳೆಂದು. ವೆಬ್‌ಸೈಟ್‌ಗೆ ಎರಡು ತಪ್ಪು ಬೇಕಿತ್ತು, ಸಿಕ್ಕಿದ್ದು ಒಂದೇ ಎಂದು.

ಗುರುಶಾಂತಪ್ಪನವರ ಮುಖ ಸಣ್ಣದಾಯಿತು. ಅಂಬುಜಾ ಕೈಯಲ್ಲಿದ್ದ ಪುಸ್ತಕವನ್ನೇ ನೋಡುತ್ತಾ ನಿಂತರು.

ಶಂಕ್ರವ್ವ ಮಾತ್ರ ನಿಧಾನಕ್ಕೆ ಅಂದರು.

"ತಪ್ಪು ಬೇಕಾಗಿದ್ರ ನನಗೊಂದ್ ಫೋನ್ ಹಚ್ಚಬೇಕಿತ್ತಲ್ರಿ ಅಕ್ಕಾರ... ಇವರವು ಇಪ್ಪತ್ತು ಹೇಳ್ತಿದ್ದೆ."

ಸುತ್ತ ಇದ್ದವರೆಲ್ಲ ನಕ್ಕರು. ಅಂಬುಜಾ ಒಬ್ಬರೇ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು.

ಮನೆಗೆ ಬಂದವರೇ, ಆ ವಿಮರ್ಶೆ ತೆಗೆದುಹಾಕಿ ಎಂದು ವೆಬ್‌ಸೈಟ್‌ಗೆ ಬರೆದರು. ಪ್ರಕಟವಾದದ್ದನ್ನು ಬದಲಿಸುವಂತಿಲ್ಲ, ಅದು ನಮ್ಮ ನಿಯಮ ಎಂದು ಉತ್ತರ ಬಂತು.

ಕಪಾಟಿನ ಬಾಗಿಲಿನಿಂದ ಮೂರನೇ ಹಾಳೆಯನ್ನು ಕಿತ್ತರು.

ಮೊದಲ ಮುದ್ರಣ ತೆಗೆದು, ಇಪ್ಪತ್ತೆರಡು ಬುತ್ತಿಯ ಸಾಲುಗಳನ್ನೂ ಆ ಹಾಳೆಯ ಹಿಂದೆ ತಮ್ಮ ಕೈಯಾರೆ ಬರೆದು ಗದಗಿಗೆ ಪೋಸ್ಟ್ ಮಾಡಿದರು. ಕೆಳಗೆ ಇಷ್ಟೇ ಬರೆದರು... 'ಶಂಕ್ರವ್ವನವರಿಗೆ ಓದಿ ಹೇಳಿ. ಇದರಲ್ಲಿ ಯಾವ ದೋಷವೂ ಇಲ್ಲ.'

*ಯಾರದೋ ನಿಯಮಕ್ಕೆ ತಕ್ಕಂತೆ ನಮ್ಮ ಮಾತನ್ನು ಚಿಕ್ಕದು ಮಾಡಬಹುದು, ದೊಡ್ಡದು ಮಾಡಬಹುದು... ಆದರೆ ಇಲ್ಲದ ತಪ್ಪನ್ನು ಇದೆ ಎನ್ನಬಾರದು. ಅದನ್ನು ನಿಜವೆಂದು ನಂಬುವವರು ಎಲ್ಲೋ ಇರುತ್ತಾರೆ.*

ನಾವೂ ಹೀಗೆ, ಏನಾದರೂ ಹೇಳಲೇಬೇಕಲ್ಲ ಎಂದು, ಯಾರ ಬುತ್ತಿಯಲ್ಲಿ ಇಲ್ಲದ ತಪ್ಪು ಹುಡುಕಿದ್ದೇವೆ? ಒಮ್ಮೆ ಯೋಚಿಸೋಣವೇ?

ಆ ಪತ್ರಕ್ಕೆ ಇನ್ನೂ ಉತ್ತರ ಬಂದಿಲ್ಲ. ಮೂರನೇ ಮುದ್ರಣ ಆಗುತ್ತದೋ ಇಲ್ಲವೋ, ಆ ಸಾಲುಗಳನ್ನು ಗುರುಶಾಂತಪ್ಪ ಶಂಕ್ರವ್ವನಿಗೆ ಓದಿ ಹೇಳಿದರೋ ಇಲ್ಲವೋ... ಗೊತ್ತಿಲ್ಲ.